ಟೊಮೆಟೊ ಬೆಲೆ ಜೋಕಾಲಿ ಆಡುವುದು ಯಾಕೆ? ಮಾದರಿ ಕಟ್ಟುವವರ ಉತ್ತರ

2023ರ ಮೇ ತಿಂಗಳು. ನಾಸಿಕ್ ಕಡೆಯ ರೈತರು ಟೊಮೆಟೊ ತಂದು ರಸ್ತೆಗೆ ಸುರಿದರು. ಕೆಜಿಗೆ ಒಂದೆರಡು ರೂಪಾಯಿ ಸಿಕ್ಕರೆ ಹಣ್ಣು ಬಿಡಿಸಿದ ಕೂಲಿಯೂ ಹುಟ್ಟುವುದಿಲ್ಲ. ಜುಲೈ ಹೊತ್ತಿಗೆ ಅದೇ ಹಣ್ಣು ಅಂಗಡಿಯಲ್ಲಿ ನೂರು ರೂಪಾಯಿ ದಾಟಿತು, ಕೆಲವು ನಗರಗಳಲ್ಲಿ ಇನ್ನೂರನ್ನೂ ಮುಟ್ಟಿತು. ಕೋಲಾರದ ಎಪಿಎಂಸಿ ಯಾರ್ಡ್‌ನಲ್ಲಿ 15 ಕೆಜಿಯ ಬಾಕ್ಸ್ ಎರಡು ಸಾವಿರ ರೂಪಾಯಿಗೂ ಮೇಲೆ ಹರಾಜಾಯಿತು. ಹಾಸನ ಜಿಲ್ಲೆಯಲ್ಲಿ ಹೊಲದಿಂದಲೇ ಟೊಮೆಟೊ ಕದ್ದೊಯ್ದರೆಂದು ಪೊಲೀಸರಿಗೆ ದೂರು ಹೋಯಿತು. ಸೆಪ್ಟೆಂಬರ್ ಬಂತು. ಮಹಾರಾಷ್ಟ್ರ, ಆಂಧ್ರದ ರೈತರು ಮತ್ತೊಮ್ಮೆ ಹಣ್ಣನ್ನು ರಸ್ತೆಗೆ ಚೆಲ್ಲಿದರು.

ನಾಲ್ಕು ತಿಂಗಳೊಳಗೆ ಎರಡು ಸಲ ಪಾತಾಳ, ನಡುವೆ ಒಂದು ಸಲ ಆಕಾಶ. ಇಷ್ಟು ಚೂಪಾಗಿ ಅಲ್ಲದಿದ್ದರೂ ಇಂಥ ಸುದ್ದಿ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಓದುವವರಿಗೆ ತಲೆಬುಡ ತಿಳಿಯುವುದಿಲ್ಲ. ತಿನ್ನುವ ಬಾಯಿಗಳು ಅಷ್ಟೇ ಇವೆ, ಸಾರಿಗೆ ಬೀಳುವ ಹಣ್ಣೂ ಹೆಚ್ಚುಕಮ್ಮಿ ಅಷ್ಟೇ. ಹಾಗಿದ್ದ ಮೇಲೆ ಬೆಲೆ ಯಾಕೆ ಹೀಗೆ ಹುಚ್ಚೆದ್ದು ಕುಣಿಯುತ್ತದೆ?

ಮಳೆ ಕೈಕೊಟ್ಟಿತು ಅನ್ನುವವರಿದ್ದಾರೆ. ದಲ್ಲಾಳಿಗಳ ಆಟ ಅನ್ನುವವರಿದ್ದಾರೆ. ರೈತರೆಲ್ಲ ಒಂದೇ ಬೆಳೆಗೆ ಮುಗಿಬೀಳುತ್ತಾರೆ ಎಂದು ಬೈಯುವವರೂ ಇದ್ದಾರೆ. ಇವಲ್ಲದೆ ಇನ್ನೊಂದು ಉತ್ತರವಿದೆ. ಅದನ್ನು ಕೊಡುವವರು ಸಿಸ್ಟಮ್ ಡೈನಮಿಕ್ಸ್ ಎಂಬ ವಿದ್ಯೆಯವರು. ಕಾರ್ಖಾನೆ, ಮಾರುಕಟ್ಟೆ, ರೋಗ, ಹವಾಮಾನ ಇಂಥವುಗಳ ಕಂಪ್ಯೂಟರ್ ಮಾದರಿ ಕಟ್ಟಿ, ಕಾಲ ಕಳೆದಂತೆ ಅವು ಹೇಗೆ ನಡೆದುಕೊಳ್ಳುತ್ತವೆ ಎಂದು ನೋಡುವುದು ಅವರ ಕೆಲಸ. ವರ್ಷಕ್ಕೊಮ್ಮೆ ಅವರೆಲ್ಲ ಒಂದು ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಸೇರುತ್ತಾರೆ. 2024ರಲ್ಲಿ ನಾರ್ವೆಯ ಬರ್ಗನ್‌ನಲ್ಲಿ ಸೇರಿದ್ದರು, 2025ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ. ಕೋಲಾರದ ಮಂಡಿಗೂ ಆ ಸಭಾಂಗಣಕ್ಕೂ ಏನು ಸಂಬಂಧ ಅನ್ನಿಸಬಹುದು. ಸಂಬಂಧ ಹತ್ತಿರದ್ದೇ.

ಸೋಲಾರ್ ನಲ್ಲಿಯ ಮುಂದೆ

ಛಾವಣಿಯ ಮೇಲೆ ಸೋಲಾರ್ ಇರುವ ಮನೆಯ ಬಚ್ಚಲನ್ನು ನೆನಪಿಸಿಕೊಳ್ಳಿ. ಬಿಸಿನೀರಿನ ನಲ್ಲಿ ತಿರುಗಿಸುತ್ತೀರಿ, ತಣ್ಣೀರು ಬರುತ್ತದೆ. ಪೈಪಿನಲ್ಲಿ ನಿಂತ ನೀರು ಖಾಲಿಯಾಗುವ ತನಕ ಬಿಸಿ ಬರುವುದಿಲ್ಲ. ಅಷ್ಟು ತಾಳ್ಮೆ ಇಲ್ಲದವರು ಇನ್ನಷ್ಟು ತಿರುಗಿಸುತ್ತಾರೆ. ಒಂದು ನಿಮಿಷಕ್ಕೆ ಸುಡುನೀರು ಮೈಮೇಲೆ ಬೀಳುತ್ತದೆ. ಗಾಬರಿಯಾಗಿ ತಣ್ಣೀರು ಪೂರ್ತಿ ಬಿಡುತ್ತಾರೆ. ಸ್ವಲ್ಪ ಹೊತ್ತಿಗೆ ಮೈ ನಡುಗುತ್ತದೆ.

ಇಲ್ಲಿ ಸೋಲಾರ್ ಕೆಟ್ಟಿಲ್ಲ, ಸ್ನಾನ ಮಾಡುವವರು ದಡ್ಡರೂ ಅಲ್ಲ. ನಲ್ಲಿ ತಿರುಗಿಸಿದ ಹೊತ್ತಿಗೂ ನೀರು ಬದಲಾಗುವ ಹೊತ್ತಿಗೂ ನಡುವೆ ತಡ ಇದೆ. ಆ ತಡದಲ್ಲಿ ಪೈಪಿನೊಳಗೆ ಈಗಾಗಲೇ ಏನು ಬರುತ್ತಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಕಾಣದ್ದನ್ನು ಲೆಕ್ಕಕ್ಕೆ ಹಿಡಿಯದೆ ಮತ್ತೆ ಮತ್ತೆ ತಿರುಗಿಸಿದರೆ ನೀರು ಬಿಸಿಗೂ ತಣ್ಣಗೂ ಹೊಯ್ದಾಡುತ್ತದೆ.

ಸಿಸ್ಟಮ್ ಡೈನಮಿಕ್ಸ್‌ನ ಮುಖ್ಯ ಪಾಠ ಇದೇ. ಅವರ ಚಿತ್ರಗಳಲ್ಲಿ ಒಂದು ಚೌಕ ಇರುತ್ತದೆ, ಅದು ತೊಟ್ಟಿ. ಒಳಗೆ ಬರುವ ಪೈಪು, ಹೊರಗೆ ಹೋಗುವ ಪೈಪು, ಎರಡಕ್ಕೂ ನಲ್ಲಿ. ತೊಟ್ಟಿಯಲ್ಲಿ ನೀರು ಇರಬಹುದು, ಗೋದಾಮಿನ ಸರಕಿರಬಹುದು, ಬ್ಯಾಂಕಿನ ಹಣ, ಕಾಯಿಲೆ ಬಿದ್ದ ಜನ, ಏನು ಬೇಕಾದರೂ ಇರಬಹುದು. ತೊಟ್ಟಿಯ ಮಟ್ಟ ನೋಡಿ ಯಾರೋ ನಲ್ಲಿ ತಿರುಗಿಸುತ್ತಾರೆ, ಅದರಿಂದ ಮಟ್ಟ ಬದಲಾಗುತ್ತದೆ, ಬದಲಾದ ಮಟ್ಟ ನೋಡಿ ಮತ್ತೆ ತಿರುಗಿಸುತ್ತಾರೆ. ಹೀಗೆ ಸುತ್ತಿ ಬರುವ ಪರಿಣಾಮಕ್ಕೆ ಫೀಡ್‌ಬ್ಯಾಕ್ ಅನ್ನುತ್ತಾರೆ. ಅದರಲ್ಲಿ ತಡವೂ ಸೇರಿದರೆ ಏರಿಳಿತ ತಾನಾಗಿಯೇ ಹುಟ್ಟುತ್ತದೆ.

ನೆಲದಲ್ಲಿರುವ, ಕಣ್ಣಿಗೆ ಬೀಳದ ಬೆಳೆ

ಈಗ ಇದನ್ನು ಟೊಮೆಟೊಗೆ ಹಚ್ಚಿ ನೋಡೋಣ. ಬೀಜ ಹಾಕಿ ಸಸಿ ಆಗಲು ನರ್ಸರಿಯಲ್ಲಿ 25ರಿಂದ 30 ದಿನ. ನಾಟಿ ಮಾಡಿದ ಮೇಲೆ ಮೊದಲ ಹಣ್ಣು ಬಿಡಿಸಲು ಇನ್ನೂ ಎರಡು, ಎರಡೂವರೆ ತಿಂಗಳು. ಅಲ್ಲಿಂದ ಒಂದೂವರೆ ಎರಡು ತಿಂಗಳು ಹಣ್ಣು ಬರುತ್ತಲೇ ಇರುತ್ತದೆ. ಅಂದರೆ ಇವತ್ತು 'ಟೊಮೆಟೊ ಹಾಕೋಣ' ಎಂದು ತೀರ್ಮಾನಿಸಿದ ರೈತರ ಹಣ್ಣು ಮಂಡಿ ಮುಟ್ಟುವುದು ಮೂರು ತಿಂಗಳಾದ ಮೇಲೆ.

ಆ ತೀರ್ಮಾನ ಮಾಡುವಾಗ ಕಣ್ಣ ಮುಂದೆ ಇರುವುದು ಇವತ್ತಿನ ದರ. ಬೆಳಿಗ್ಗೆ ಹರಾಜಾದ ಬಾಕ್ಸ್ ಎಷ್ಟಕ್ಕೆ ಹೋಯಿತು ಎಂಬುದು ಮಧ್ಯಾಹ್ನದೊಳಗೆ ವಾಟ್ಸ್ಆ್ಯಪ್‌ನಲ್ಲಿ ಹಳ್ಳಿ ಹಳ್ಳಿಗೂ ತಲುಪುತ್ತದೆ. ಆದರೆ ಪಕ್ಕದ ತಾಲೂಕಿನಲ್ಲಿ, ಆಂಧ್ರದ ಮದನಪಲ್ಲಿಯಲ್ಲಿ, ನಾಸಿಕ್‌ನಲ್ಲಿ ಈಗಾಗಲೇ ನಾಟಿಯಾಗಿ ನಿಂತಿರುವ ಎಕರೆಗಳೆಷ್ಟು? ಅದು ಯಾವ ಮೊಬೈಲಿಗೂ ಬರುವುದಿಲ್ಲ. ದರ ಕಾಣುತ್ತದೆ, ಪೈಪಿನೊಳಗಿನ ಬೆಳೆ ಕಾಣುವುದಿಲ್ಲ.

2023ರ ಕತೆಯನ್ನು ಹೀಗೆ ಬಿಡಿಸಿ ನೋಡಬಹುದು. ಬೇಸಿಗೆಯಲ್ಲಿ ದರ ಬಿತ್ತು. ಕೆಲವರು ಹಣ್ಣನ್ನು ಗಿಡದಲ್ಲೇ ಬಿಟ್ಟರು, ಕೆಲವರು ಹೊಸ ನಾಟಿಯನ್ನೇ ಕೈಬಿಟ್ಟರು. ಅದರ ಜೊತೆಗೆ ಬಿಸಿಲು, ಅಕಾಲದ ಮಳೆ, ಕೋಲಾರ ಭಾಗದಲ್ಲಿ ಎಲೆ ಮುರುಟು ರೋಗ ಸೇರಿಕೊಂಡವು. ಜೂನ್ ಕೊನೆಗೆ ಮಾರುಕಟ್ಟೆಗೆ ಹಣ್ಣೇ ಬರಲಿಲ್ಲ, ದರ ಜಿಗಿಯಿತು. ಜಿಗಿದ ದರ ನೋಡಿ ಎಲ್ಲ ಕಡೆ ಒಟ್ಟಿಗೆ ನಾಟಿಯಾಯಿತು. ಜೂನ್ ಕೊನೆಗೆ ಮೂರು ತಿಂಗಳು ಸೇರಿಸಿದರೆ ಸೆಪ್ಟೆಂಬರ್. ಮತ್ತೆ ದರ ಕುಸಿಯಿತು.

ಮಳೆ, ರೋಗ ಇವು ಜೋಕಾಲಿಗೆ ಕೊಟ್ಟ ತಳ್ಳು ಇದ್ದಂತೆ. ತಳ್ಳಿದ್ದು ಒಂದು ಸಲ. ಆಮೇಲೆ ಜೋಕಾಲಿ ತನ್ನ ಹಗ್ಗದ ಉದ್ದಕ್ಕೆ ತಕ್ಕಂತೆ ತೂಗುತ್ತಲೇ ಇರುತ್ತದೆ. ಬರೀ ಹವಾಮಾನವೇ ಕಾರಣವಾಗಿದ್ದರೆ ಹಣ್ಣಿನ ಕೊರತೆ ಆದಷ್ಟಕ್ಕೇ ಮುಗಿಯಬೇಕಿತ್ತು. ಕೊರತೆಯ ಬೆನ್ನಿಗೇ ಇಷ್ಟು ದೊಡ್ಡ ರಾಶಿ ಬರುವುದು ಯಾಕೆ ಎಂಬುದಕ್ಕೆ ಹವಾಮಾನದಲ್ಲಿ ಉತ್ತರ ಇಲ್ಲ.

ಇದು ಹೊಸ ಸಂಗತಿ ಅಲ್ಲ. 1920ರ ದಶಕದಲ್ಲೇ ಜರ್ಮನಿಯ ಆರ್ಥರ್ ಹನಾವ್ ಹಂದಿ ಮಾಂಸದ ಬೆಲೆ ಹೀಗೆ ಏರಿ ಇಳಿಯುವುದನ್ನು ಅಂಕಿ ಸಮೇತ ತೋರಿಸಿದ್ದರು. 1970ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಡೆನಿಸ್ ಮೆಡೋಸ್ ಹಂದಿ, ದನ, ಕೋಳಿ ಮೂರಕ್ಕೂ ಒಂದೇ ಮಾದರಿಯ ಚೌಕಟ್ಟು ಹಾಕಿದರು. ಸಾಕಿ ಬೆಳೆಸಲು ಹಿಡಿಯುವ ಕಾಲ ಬದಲಿಸಿದರೆ ಸಾಕು, ಬೆಲೆ ಸುತ್ತುವ ಅವಧಿಯೂ ಬದಲಾಗುತ್ತದೆ. ಹಂದಿಗೆ ನಾಲ್ಕು ವರ್ಷದ ಆಸುಪಾಸು, ದನಕ್ಕೆ ಅದಕ್ಕಿಂತ ತುಂಬಾ ಜಾಸ್ತಿ. ಟೊಮೆಟೊಗೆ ಕೆಲವೇ ತಿಂಗಳು, ಅಷ್ಟೇ ವ್ಯತ್ಯಾಸ.

ಫ್ಯಾಕ್ಟರಿಯ ನೋಟ್‌ಬುಕ್‌ನಿಂದ ಹುಟ್ಟಿದ ವಿದ್ಯೆ

ಈ ವಿದ್ಯೆಯನ್ನು ಕಟ್ಟಿದವರು ಜೇ ಫಾರೆಸ್ಟರ್. 1918ರಲ್ಲಿ ಅಮೆರಿಕದ ನೆಬ್ರಾಸ್ಕಾದ ದನ ಸಾಕುವ ಮನೆತನದಲ್ಲಿ ಹುಟ್ಟಿದವರು. ಎಂಐಟಿಯಲ್ಲಿ ಎಂಜಿನಿಯರ್ ಆಗಿ ಕಂಪ್ಯೂಟರಿನ ಮೆಮೊರಿ ಮೇಲೆ ದೊಡ್ಡ ಕೆಲಸ ಮಾಡಿ, 1956ರಲ್ಲಿ ಅಲ್ಲಿನ ಮ್ಯಾನೇಜ್‌ಮೆಂಟ್ ಶಾಲೆಗೆ ಬಂದರು.

ಆ ಹೊತ್ತಿಗೆ ಜನರಲ್ ಎಲೆಕ್ಟ್ರಿಕ್ ಕಂಪನಿಯವರು ಒಂದು ಒಗಟು ತಂದರು. ಕೆಂಟಕಿಯ ಅವರ ಗೃಹೋಪಯೋಗಿ ವಸ್ತುಗಳ ಕಾರ್ಖಾನೆ ಕೆಲವು ಕಾಲ ಮೂರು ನಾಲ್ಕು ಶಿಫ್ಟ್ ನಡೆಯುತ್ತಿತ್ತು. ಕೆಲವು ವರ್ಷ ಕಳೆದರೆ ಅರ್ಧ ಜನರನ್ನು ಮನೆಗೆ ಕಳಿಸಬೇಕಾಗುತ್ತಿತ್ತು. ಆಡಳಿತದವರು ಹೊರಗಿನ ಆರ್ಥಿಕತೆಯ ಏರಿಳಿತವೇ ಕಾರಣ ಎಂದುಕೊಂಡಿದ್ದರು. ಕಾರ್ಖಾನೆಯವರು ಜನರನ್ನು ಕೆಲಸಕ್ಕೆ ಹೇಗೆ ತೆಗೆದುಕೊಳ್ಳುತ್ತಾರೆ, ದಾಸ್ತಾನು ಹೇಗೆ ತುಂಬುತ್ತಾರೆ ಎಂದು ಫಾರೆಸ್ಟರ್ ವಿಚಾರಿಸಿದರು. ನೋಟ್‌ಬುಕ್‌ನಲ್ಲಿ ಸಾಲು ಸಾಲಾಗಿ ವಾರದ ಲೆಕ್ಕ ಬರೆಯುತ್ತಾ ಹೋದರು. ಹೊರಗಿನ ಬೇಡಿಕೆ ಒಂದೇ ಸಮ ಇದೆ ಎಂದುಕೊಂಡರೂ ಕಾರ್ಖಾನೆಯೊಳಗಿನ ನಿಯಮಗಳೇ ಏರಿಳಿತ ಹುಟ್ಟಿಸುತ್ತಿದ್ದವು. ಪೆನ್ಸಿಲ್ಲಿನಲ್ಲಿ ಮಾಡಿದ ಆ ಲೆಕ್ಕವೇ ಸಿಸ್ಟಮ್ ಡೈನಮಿಕ್ಸ್‌ಗೆ ಬೀಜ.

ತಪ್ಪು ಯಾರದ್ದು ಎಂದು ಹುಡುಕುವ ಬದಲು, ಈ ರಚನೆಯಲ್ಲಿ ಯಾರನ್ನು ಕೂರಿಸಿದರೂ ಹೀಗೇ ಆಗುತ್ತಾ ಎಂದು ಕೇಳುವ ರೂಢಿ ಬಂದದ್ದು ಅಲ್ಲಿಂದ. ನಮ್ಮ ಟೊಮೆಟೊ ಚರ್ಚೆಗೆ ಬೇಕಾಗಿರುವುದೂ ಈ ಪ್ರಶ್ನೆಯೇ.

ಒಂದು ಮೇಜು, ನಾಲ್ಕು ಕುರ್ಚಿ

ಇದನ್ನು ತೋರಿಸಲು ಎಂಐಟಿಯಲ್ಲಿ ಒಂದು ಆಟ ಮಾಡಿದ್ದಾರೆ. ಹೆಸರು ಬಿಯರ್ ಗೇಮ್. ಉದ್ದ ಮೇಜಿನ ಒಂದು ತುದಿಯಲ್ಲಿ ಚಿಲ್ಲರೆ ಅಂಗಡಿ, ಪಕ್ಕದಲ್ಲಿ ಹೋಲ್‌ಸೇಲ್ ವ್ಯಾಪಾರಿ, ಆಮೇಲೆ ವಿತರಕ, ಕೊನೆಗೆ ಫ್ಯಾಕ್ಟರಿ. ನಾಲ್ಕು ಜಾಗದಲ್ಲೂ ಒಬ್ಬೊಬ್ಬರು ಕೂರುತ್ತಾರೆ. ಒಬ್ಬರಿಗೊಬ್ಬರು ಮಾತಾಡುವಂತಿಲ್ಲ. ವಾರಕ್ಕೊಮ್ಮೆ ಚೀಟಿಯಲ್ಲಿ ಆರ್ಡರ್ ಬರೆದು ಪಕ್ಕಕ್ಕೆ ಸರಿಸಬೇಕು. ಚೀಟಿ ತಲುಪಲು ತಡ, ಸರಕು ಬರಲು ಇನ್ನೂ ತಡ. ಸರಕು ಸುಮ್ನೆ ಉಳಿದರೂ ದಂಡ, ಇಲ್ಲ ಎಂದರೆ ಅದರ ಎರಡು ಪಟ್ಟು ದಂಡ.

ಗ್ರಾಹಕರ ಬೇಡಿಕೆ ಬೋರಲಾಗಿ ಇಟ್ಟ ಕಾರ್ಡುಗಳಲ್ಲಿ ಇರುತ್ತದೆ. ಅದು ಅಂಗಡಿಯವರಿಗೆ ಮಾತ್ರ ಕಾಣುತ್ತದೆ. ಮೊದಲ ನಾಲ್ಕು ವಾರ ನಾಲ್ಕು ಪೆಟ್ಟಿಗೆ. ಐದನೇ ವಾರದಿಂದ ಎಂಟು. ಆಮೇಲೆ ಆಟ ಮುಗಿಯುವ ತನಕ ಎಂಟೇ. ಇಡೀ ಆಟದಲ್ಲಿ ಬೇಡಿಕೆ ಬದಲಾಗುವುದು ಒಂದೇ ಸಲ.

ಆಮೇಲೆ ನಡೆಯುವುದನ್ನು ನೋಡಬೇಕು. ಅಂಗಡಿಯ ದಾಸ್ತಾನು ಕರಗುತ್ತದೆ, ಆರ್ಡರ್ ಹೆಚ್ಚಾಗುತ್ತದೆ. ಸರಕು ಬರುವುದು ತಡವಾದಾಗ ಇನ್ನೂ ಜಾಸ್ತಿ ಬರೆಯುತ್ತಾರೆ. ಹೋಲ್‌ಸೇಲ್‌ನವರಿಗೆ ಅದು ದೊಡ್ಡ ಬೇಡಿಕೆಯಂತೆ ಕಾಣುತ್ತದೆ, ಅವರು ತಮ್ಮ ಭಾಗ ಸೇರಿಸಿ ಬರೆಯುತ್ತಾರೆ. ಫ್ಯಾಕ್ಟರಿ ತಲುಪುವ ಹೊತ್ತಿಗೆ ಎಂಟು ಪೆಟ್ಟಿಗೆಯ ಬೇಡಿಕೆ ಮೂವತ್ತು, ನಲವತ್ತು ಆಗಿರುತ್ತದೆ. ಕೆಲವು ವಾರ ಕಳೆದ ಮೇಲೆ ಆ ಸರಕೆಲ್ಲ ಒಟ್ಟಿಗೆ ಬಂದು ಬೀಳುತ್ತದೆ. ಎಲ್ಲರೂ ಆರ್ಡರ್ ನಿಲ್ಲಿಸಿ, ರಾಶಿ ಬಿದ್ದ ಸರಕು ನೋಡುತ್ತಾ ಕೂರುತ್ತಾರೆ.

ಆಟ ಮುಗಿದ ಮೇಲೆ, ಅಂಗಡಿಯವರನ್ನು ಬಿಟ್ಟು ಉಳಿದವರಿಗೆ ಒಂದು ಕೆಲಸ ಕೊಡುತ್ತಾರೆ: ಗ್ರಾಹಕರ ಬೇಡಿಕೆ ಹೇಗಿತ್ತು, ಗೆರೆ ಎಳೆದು ತೋರಿಸಿ. ಹೆಚ್ಚಿನವರು ಮೇಲೆ ಹೋಗಿ ಕೆಳಗೆ ಬರುವ ದೊಡ್ಡ ಅಲೆ ಬರೆಯುತ್ತಾರೆ. ನಿಜವಾದ ಕಾರ್ಡು ತೆಗೆದು ತೋರಿಸಿದಾಗ ಅವರಿಗೆ ನಂಬಲಾಗುವುದಿಲ್ಲ. ಆ ಅಲೆ ಎದ್ದದ್ದು ಮೇಜಿನ ಮೇಲೇ.

ಎಂಐಟಿಯ ಜಾನ್ ಸ್ಟರ್ಮನ್ ಈ ಆಟದ ದಾಖಲೆಗಳನ್ನು ಜೋಡಿಸಿ 1989ರಲ್ಲಿ ಪ್ರಕಟಿಸಿದರು. ಸರಿಯಾಗಿ ಆಡಿದರೆ ಆಗುವ ಖರ್ಚಿನ ಸುಮಾರು ಹತ್ತು ಪಟ್ಟು ಖರ್ಚನ್ನು ತಂಡಗಳು ಮಾಡಿದ್ದವು. ಯಾಕೆ ಎಂಬುದಕ್ಕೂ ಅವರ ಬಳಿ ಉತ್ತರ ಇತ್ತು: ತಾವೇ ಆರ್ಡರ್ ಮಾಡಿ ಇನ್ನೂ ದಾರಿಯಲ್ಲಿರುವ ಸರಕನ್ನು ಆಟಗಾರರು ಮರೆತೇಬಿಡುತ್ತಾರೆ. ಬುದ್ಧಿವಂತರು, ಓದಿದವರು, ದೊಡ್ಡ ಕಂಪನಿ ನಡೆಸುವವರು ಮೇಜಿನ ಮುಂದೆ ಕೂತು ತಮ್ಮದೇ ಆರ್ಡರನ್ನು ಲೆಕ್ಕಕ್ಕೆ ಹಿಡಿಯಲಾರರು. ಹಾಗಿರುವಾಗ ನೂರಾರು ಕಿಲೋಮೀಟರ್ ದೂರದ ಬೇರೆಯವರ ಹೊಲದ ನಾಟಿಯನ್ನು ರೈತರು ಲೆಕ್ಕ ಹಾಕಬೇಕಿತ್ತು ಎಂದು ಬೈಯುವುದು ಅನ್ಯಾಯ ಅಲ್ವಾ?

ಸಮ್ಮೇಳನದಲ್ಲಿ ಏನು ನಡೆಯುತ್ತದೆ

ಈ ವಿದ್ಯೆಯ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಸೇರಿದ್ದು 1976ರಲ್ಲಿ, ನಾರ್ವೆಯ ಗೈಲೊ ಎಂಬ ಬೆಟ್ಟದೂರಿನಲ್ಲಿ. 1983ರಲ್ಲಿ ಸಿಸ್ಟಮ್ ಡೈನಮಿಕ್ಸ್ ಸೊಸೈಟಿ ಹುಟ್ಟಿತು. ಈಗ ಆರೋಗ್ಯ, ವಿದ್ಯುತ್, ಹವಾಮಾನ, ವ್ಯಾಪಾರ, ನೀರು ಹೀಗೆ ಬೇರೆ ಬೇರೆ ಕ್ಷೇತ್ರದವರು ಅಲ್ಲಿ ಸೇರುತ್ತಾರೆ. ಪ್ರಬಂಧಗಳ ಜೊತೆಗೆ ಕಾರ್ಯಾಗಾರಗಳೂ ಇರುತ್ತವೆ. ಹೊಸಬರು ಅರ್ಧಂಬರ್ಧ ಮಾದರಿ ತಂದು, ಅನುಭವಿಗಳ ಪಕ್ಕ ಕೂತು ಸರಿಪಡಿಸಿಕೊಳ್ಳಬಹುದು.

ಈ ಸೇರುವಿಕೆಯ ಬೆಲೆ ಇರುವುದು ಇಲ್ಲೇ ಎಂದು ನನ್ನ ಅನಿಸಿಕೆ. ಹೊರಗಿನವರಿಗೆ ಮಾದರಿ ಎಂದರೆ 'ಕಂಪ್ಯೂಟರ್ ಹೇಳಿದೆ' ಎಂಬ ತೀರ್ಪು. ಕಟ್ಟುವವರಿಗೆ ಅದು ಬಿಚ್ಚಿ ನೋಡಬೇಕಾದ ಯಂತ್ರ. ಈ ತಡವನ್ನು ಎಲ್ಲಿಂದ ತಂದಿರಿ? ಈ ಸಂಖ್ಯೆ ಸ್ವಲ್ಪ ಬದಲಿಸಿದರೆ ಏನಾಗುತ್ತದೆ? ಮಾದರಿಯ ಹೊರಗೆ ಯಾವುದನ್ನು ಬಿಟ್ಟಿದ್ದೀರಿ? ಈ ಪ್ರಶ್ನೆಗಳಿಗೆ ನಿಲ್ಲದ ಮಾದರಿ ಎಷ್ಟು ಚೆಂದ ಇದ್ದರೂ ಪ್ರಯೋಜನ ಇಲ್ಲ.

ಉಪಯೋಗಕ್ಕೆ ಬಂದ ಒಂದು ಉದಾಹರಣೆ ಪೋಲಿಯೊದ್ದು. ಪ್ರಕರಣ ಕಡಿಮೆಯಾಗುತ್ತಿದ್ದಂತೆ ಲಸಿಕೆಗೆ ಇಟ್ಟ ಹಣ, ಗಮನ ಬೇರೆ ಕಡೆ ಹೋಗುತ್ತದೆ. ಲಸಿಕೆ ಪಡೆಯದ ಮಕ್ಕಳ ಸಂಖ್ಯೆ ಸದ್ದಿಲ್ಲದೆ ತುಂಬಿಕೊಳ್ಳುತ್ತದೆ. ಆಮೇಲೆ ರೋಗ ಮರಳಿ ಬರುತ್ತದೆ. ಕಿಂಬರ್ಲಿ ಥಾಂಪ್ಸನ್ ಮತ್ತು ರಾಡ್ಬೌಡ್ ಟೆಬ್ಬೆನ್ಸ್ 2007ರಲ್ಲಿ ಮಾದರಿ ಕಟ್ಟಿ ಇದನ್ನು ತೋರಿಸಿದರು. ಹೀಗೆ ಹಿಂದೆ ಮುಂದೆ ಆಡುವುದಕ್ಕಿಂತ ಪೂರ್ತಿ ನಿರ್ಮೂಲನೆ ಮಾಡುವುದೇ ಖರ್ಚಿನಲ್ಲೂ ಸಾವು ನೋವಿನಲ್ಲೂ ಮೇಲು ಎಂದರು. ಅಲ್ಲೂ ಅದೇ ಕಾಣದ ತೊಟ್ಟಿ, ಅದೇ ತಡ.

ಒಪ್ಪದವರ ಮಾತು

ಈ ವಿವರಣೆಯನ್ನು ಎಲ್ಲರೂ ಒಪ್ಪುವುದಿಲ್ಲ. ಅರ್ಥಶಾಸ್ತ್ರಜ್ಞರ ಆಕ್ಷೇಪ ಗಟ್ಟಿಯಾದದ್ದು. 1961ರಲ್ಲಿ ಜಾನ್ ಮೂತ್ ಕೇಳಿದ್ದು ಹೀಗೆ: ಬೆಲೆ ಹೀಗೆ ನಿಯಮದಂತೆ ಏರಿ ಇಳಿಯುವುದಾದರೆ ಜನರಿಗೆ ಅದು ಗೊತ್ತಾಗುವುದಿಲ್ಲವೇ? ಗೊತ್ತಾದವರು ದರ ಬಿದ್ದಾಗ ನಾಟಿ ಮಾಡಿ ಲಾಭ ಮಾಡಿಕೊಳ್ಳುತ್ತಾರೆ. ಹಾಗೆ ಮಾಡುವವರು ಹೆಚ್ಚಾದರೆ ಏರಿಳಿತವೇ ಮಾಯವಾಗಬೇಕಲ್ಲ?

ಕೋಲಾರ, ಚಿಕ್ಕಬಳ್ಳಾಪುರದ ಅನುಭವಿ ರೈತರು ಈ ಸುತ್ತನ್ನು ಅರಿಯದವರಲ್ಲ. 'ಎಲ್ಲರೂ ಬಿಟ್ಟಾಗ ಹಾಕಬೇಕು' ಎಂಬ ಮಾತು ಹೊಲದಲ್ಲೇ ಕೇಳುತ್ತದೆ. ಆದರೂ ಯಾಕೆ ಹಾಕುವುದಿಲ್ಲ? ಇಲ್ಲಿ ಇನ್ನೊಂದು ತೊಟ್ಟಿ ಇದೆ, ಕೈಯಲ್ಲಿರುವ ಹಣದ್ದು. ಟೊಮೆಟೊ ಖರ್ಚಿನ ಬೆಳೆ. ಸಸಿ, ಮಲ್ಚಿಂಗ್ ಪೇಪರ್, ಡ್ರಿಪ್, ಕಡ್ಡಿ ನೆಟ್ಟು ದಾರ ಕಟ್ಟುವುದು, ಔಷಧಿ, ಕೂಲಿ ಎಲ್ಲ ಸೇರಿ ಎಕರೆಗೆ ಲಕ್ಷ ಮೀರುತ್ತದೆ. ದರ ಬಿದ್ದ ಹೊತ್ತಿನಲ್ಲಿ ಆ ಹಣ ಇರುವುದಿಲ್ಲ, ಹಳೆಯ ಸಾಲವೇ ತೀರಿರುವುದಿಲ್ಲ. ಮಂಡಿಯವರು ಮುಂಗಡ ಕೊಡಲು ಹಿಂಜರಿಯುತ್ತಾರೆ. ದರ ಏರಿದಾಗ ಹಣವೂ ಬರುತ್ತದೆ, ಸಾಲವೂ ಹುಟ್ಟುತ್ತದೆ. ಬುದ್ಧಿ ಎದುರು ದಿಕ್ಕಿಗೆ ಹೋಗು ಅಂದರೂ ಜೇಬು ಬಿಡುವುದಿಲ್ಲ. ಮೂತ್ ಅವರ ಲೆಕ್ಕದಲ್ಲಿ ಈ ಜೇಬಿಗೆ ಜಾಗ ಇಲ್ಲ.

ದಲ್ಲಾಳಿಗಳ ಮೇಲಿನ ಆರೋಪವನ್ನೂ ಪೂರ್ತಿ ತಳ್ಳಿಹಾಕುವಂತಿಲ್ಲ. ರಿಸರ್ವ್ ಬ್ಯಾಂಕ್ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಟೊಮೆಟೊಗೆ ಗ್ರಾಹಕರು ಕೊಡುವ ಒಂದು ರೂಪಾಯಿಯಲ್ಲಿ ರೈತರ ಕೈ ಸೇರುವುದು ಸುಮಾರು 33 ಪೈಸೆ. ಇದು ನ್ಯಾಯದ ಪ್ರಶ್ನೆ, ಬಗೆಹರಿಯಲೇಬೇಕು. ಆದರೆ ಈ ಪಾಲು ಕಡಿಮೆ ಇರುವುದು ಬೇರೆ, ಬೆಲೆ ಹೊಯ್ದಾಡುವುದು ಬೇರೆ. ನಾಲ್ಕೈದು ದಿನಕ್ಕೆ ಮೆತ್ತಗಾಗುವ ಹಣ್ಣನ್ನು ತಿಂಗಳುಗಟ್ಟಲೆ ಬಚ್ಚಿಟ್ಟು ಬೆಲೆ ಏರಿಸಲು ಯಾರಿಂದಲೂ ಆಗದು. ಈರುಳ್ಳಿಗಾದರೆ ಆ ಅನುಮಾನಕ್ಕೆ ಜಾಗ ಇದೆ.

ಮಾದರಿಗಳ ಮೇಲೆಯೇ ಇರುವ ಆಕ್ಷೇಪ ಇನ್ನೊಂದು. ಹಂದಿ ಬೆಲೆಯ ಮಾದರಿ ಕಟ್ಟಿದ ಅದೇ ಡೆನಿಸ್ ಮೆಡೋಸ್, ಡೊನೆಲ್ಲಾ ಮೆಡೋಸ್ ಮತ್ತು ಜೊತೆಗಾರರು 1972ರಲ್ಲಿ ಇಡೀ ಭೂಮಿಯ ಜನಸಂಖ್ಯೆ, ಕೈಗಾರಿಕೆ, ಆಹಾರ, ಮಾಲಿನ್ಯದ ಮಾದರಿ ಕಟ್ಟಿ 'ಲಿಮಿಟ್ಸ್ ಟು ಗ್ರೋತ್' ಪ್ರಕಟಿಸಿದರು. ಅಂಥದೇ ಮಾದರಿಯನ್ನು ಫಾರೆಸ್ಟರ್ ಅದಕ್ಕೂ ಒಂದು ವರ್ಷ ಮೊದಲು ತಂದಿದ್ದರು. ಮುಂದೆ ನೊಬೆಲ್ ಪಡೆದ ವಿಲಿಯಂ ನಾರ್ಡ್‌ಹಾಸ್ 1973ರಲ್ಲಿ ಫಾರೆಸ್ಟರ್ ಮಾದರಿಯನ್ನು ಕಟುವಾಗಿ ಟೀಕಿಸಿದರು. ಅಂಕಿಅಂಶದ ಆಧಾರ ಸಾಲದು, ಬೆಲೆ ಏರಿದಾಗ ಜನ ಬದಲಿ ದಾರಿ ಹುಡುಕುವುದನ್ನು ಬಿಟ್ಟಿದ್ದಾರೆ ಎಂಬುದು ಅವರ ವಾದದ ತಿರುಳು. ಈಗಲೂ ಆಗಾಗ 'ನಾಗರಿಕತೆ ಕುಸಿಯುತ್ತದೆ ಎಂದು ಕಂಪ್ಯೂಟರ್ ಭವಿಷ್ಯ' ಎಂಬ ತಲೆಬರಹ ಬರುತ್ತದೆ. ಕಟ್ಟಿದವರು ಭವಿಷ್ಯ ನುಡಿದಿರಲಿಲ್ಲ. ಹೀಗೆ ಮಾಡಿದರೆ ಹೀಗಾದೀತು ಎಂಬ ಹಲವು ದಾರಿಗಳನ್ನು ಬರೆದಿದ್ದರು, ಅವುಗಳಲ್ಲಿ ಕುಸಿಯದೆ ಉಳಿಯುವ ದಾರಿಯೂ ಇತ್ತು.

ಟೊಮೆಟೊಗೂ ಈ ಎಚ್ಚರ ಬೇಕು. ಮುಂದಿನ ಆಗಸ್ಟ್ 12ಕ್ಕೆ ಬಾಕ್ಸ್ ಎಷ್ಟಕ್ಕೆ ಹೋಗುತ್ತದೆ ಎಂದು ಇಂಥ ಮಾದರಿ ಹೇಳಲಾರದು. ಯಾವ ಕ್ರಮ ಜೋಕಾಲಿಯನ್ನು ನಿಧಾನ ಮಾಡುತ್ತದೆ, ಯಾವುದು ಇನ್ನಷ್ಟು ತಳ್ಳುತ್ತದೆ ಎಂದು ಹೇಳಬಲ್ಲದು.

ತಡವಾಗಿ ತಿರುಗಿಸಿದ ನಲ್ಲಿ

ಟೊಮೆಟೊ, ಈರುಳ್ಳಿ, ಆಲೂಗಡ್ಡೆ ಮೂರೂ ಸೇರಿ 2012ರ ಮೂಲ ವರ್ಷದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಇದ್ದದ್ದು ಶೇ 2.2ರಷ್ಟು ಮಾತ್ರ. ಆದರೂ 2023ರ ಜುಲೈನಲ್ಲಿ ದೇಶದ ಹಣದುಬ್ಬರ ಶೇ 7.44ಕ್ಕೆ ಏರಲು ತರಕಾರಿ, ಅದರಲ್ಲೂ ಟೊಮೆಟೊ ದೊಡ್ಡ ಕಾರಣ. ಅದಕ್ಕೇ ಸರ್ಕಾರಗಳು ಸುಮ್ನೆ ಕೂರುವಂತಿಲ್ಲ.

ಆ ವರ್ಷ ಜುಲೈ 14ರಿಂದ ಕೇಂದ್ರ ಸರ್ಕಾರ ಎನ್‌ಸಿಸಿಎಫ್, ನಾಫೆಡ್ ಎಂಬ ಸಹಕಾರ ಸಂಸ್ಥೆಗಳ ಮೂಲಕ ಕರ್ನಾಟಕ, ಆಂಧ್ರ, ಮಹಾರಾಷ್ಟ್ರದಲ್ಲಿ ಹಣ್ಣು ಕೊಂಡು ದೆಹಲಿ ಕಡೆ ಕೆಜಿಗೆ 90 ರೂಪಾಯಿಗೆ ಮಾರಿತು. ಆಮೇಲೆ 80, 70ಕ್ಕೆ ಇಳಿಸಿತು. ಆಗಸ್ಟ್‌ನಲ್ಲಿ ನೇಪಾಳದಿಂದ ಆಮದಿನ ಮಾತೂ ಬಂತು. ಗ್ರಾಹಕರಿಗೆ ಆ ಹೊತ್ತಿಗೆ ಇದರಿಂದ ಸ್ವಲ್ಪ ನೆಮ್ಮದಿ ಸಿಕ್ಕಿತು ಎಂಬುದು ನಿಜ. ಆದರೆ ಪೈಪಿನೊಳಗೆ ನೋಡಿ. ಜೂನ್ ಕೊನೆಯಿಂದ ನಾಟಿಯಾದ ಬೆಳೆ ಆಗಲೇ ಹೊಲದಲ್ಲಿ ಹೂ ಬಿಡುತ್ತಿತ್ತು. ಆಮದಿನ ತೀರ್ಮಾನ ಆದದ್ದು ಬೆಲೆ ತಾನಾಗಿಯೇ ಇಳಿಯಲು ಹೊರಟ ಹೊತ್ತಿನಲ್ಲಿ. ಸುಡುನೀರಿಗೆ ಬೆಚ್ಚಿ ತಣ್ಣೀರು ಪೂರ್ತಿ ಬಿಟ್ಟಂತೆ.

ಬೆಲೆ ಬಿದ್ದಾಗ ನೆರವಾಗಲು ಮಾರುಕಟ್ಟೆ ಮಧ್ಯಪ್ರವೇಶ ಯೋಜನೆ ಇದೆ. 2025ರ ಫೆಬ್ರವರಿಯಲ್ಲಿ ಅದರ ನಿಯಮ ಬದಲಾಯಿತು. ಹಿಂದಿನ ಸಾಮಾನ್ಯ ವರ್ಷಕ್ಕಿಂತ ದರ ಕನಿಷ್ಠ ಶೇ 10 ಬಿದ್ದರೆ ಯೋಜನೆ ಜಾರಿಗೆ ಬರಬಹುದು. ಖರೀದಿಯ ಮಿತಿ ಉತ್ಪಾದನೆಯ ಶೇ 20ರಿಂದ 25ಕ್ಕೆ ಏರಿತು. ಹಣ್ಣು ಕೊಳ್ಳುವ ಬದಲು ದರದ ವ್ಯತ್ಯಾಸವನ್ನು ರೈತರ ಖಾತೆಗೆ ಹಾಕುವ ಅವಕಾಶವೂ ಬಂತು. ಇದು ಒಳ್ಳೆಯ ಬದಲಾವಣೆ. ತೊಡಕು ಇರುವುದು ಕಾಲದಲ್ಲಿ. ದರ ಬಿದ್ದು, ರಾಜ್ಯ ಪ್ರಸ್ತಾವ ಕಳಿಸಿ, ಕೇಂದ್ರ ಒಪ್ಪಿ, ಆದೇಶ ಹೊರಬರುವಷ್ಟರಲ್ಲಿ ಒಂದೂವರೆ ತಿಂಗಳ ಕೊಯ್ಲು ಮುಗಿದಿರುತ್ತದೆ.

ಹಾಗಾದರೆ ಯಾವಾಗಲೂ ಒಂದು ದರ ಖಾತ್ರಿ ಕೊಟ್ಟುಬಿಟ್ಟರೆ? ಯುರೋಪ್ ಹಾಲಿಗೆ ಹಾಗೆ ಮಾಡಿತ್ತು. ಖಾತ್ರಿ ದರಕ್ಕೆ ಎಲ್ಲರೂ ಜಾಸ್ತಿ ಹಾಲು ಹಾಕಿದರು, ಸರ್ಕಾರದ ಗೋದಾಮುಗಳಲ್ಲಿ ಬೆಣ್ಣೆಯ ಬೆಟ್ಟವೇ ಬೆಳೆಯಿತು. ಕೊನೆಗೆ 1984ರಲ್ಲಿ ಹಾಲಿಗೆ ಕೋಟಾ ತರಬೇಕಾಯಿತು.

ಪೇಸ್ಟ್, ಕೆಚಪ್ ಕಾರ್ಖಾನೆ ಹಾಕಿ ಎಂಬ ಸಲಹೆ ತುಂಬಾ ಕೇಳಿಬರುತ್ತದೆ. ತತ್ವ ಸರಿ. ಹಣ್ಣಿನ ರಾಶಿಯನ್ನು ಪೇಸ್ಟ್ ಮಾಡಿ ಇಟ್ಟರೆ ತೊಟ್ಟಿ ದೊಡ್ಡದಾಗುತ್ತದೆ, ಏರಿಳಿತ ತಗ್ಗುತ್ತದೆ. ಆದರೆ ಊಟದ ಟೊಮೆಟೊ ತಳಿಯಲ್ಲಿ ನೀರು ಜಾಸ್ತಿ, ಪೇಸ್ಟಿಗೆ ತಿರುಳು ಜಾಸ್ತಿ ಇರುವ ತಳಿ ಬೇಕು. ದರ ಬಿದ್ದ ಎರಡು ತಿಂಗಳಿಗೆ ಮಾತ್ರ ಓಡಿ ಉಳಿದ ಕಾಲ ಬಾಗಿಲು ಹಾಕುವ ಕಾರ್ಖಾನೆ ಬದುಕುವುದಿಲ್ಲ. ಅದಕ್ಕೆ ಬೇರೆಯೇ ಒಪ್ಪಂದದ ಬೆಳೆ ಬೇಕು. 2018ರ ಬಜೆಟ್‌ನಲ್ಲಿ ಟೊಮೆಟೊ, ಈರುಳ್ಳಿ, ಆಲೂಗಡ್ಡೆಗಾಗಿ 500 ಕೋಟಿ ರೂಪಾಯಿಯ 'ಆಪರೇಷನ್ ಗ್ರೀನ್ಸ್' ಘೋಷಣೆಯಾಗಿತ್ತು. ಅದಾಗಿ ಐದು ವರ್ಷಕ್ಕೆ 2023ರ ಆ ನಾಲ್ಕು ತಿಂಗಳು ಬಂದವು.

ಟ್ರೇ ಎಣಿಸುವ ಕೆಲಸ

ಬಿಯರ್ ಗೇಮಿನಲ್ಲಿ ದಾರಿಯಲ್ಲಿರುವ ಸರಕನ್ನು ಲೆಕ್ಕಕ್ಕೆ ಹಿಡಿದು ಆರ್ಡರ್ ಬರೆದರೆ ಹೊಯ್ದಾಟ ತಗ್ಗುತ್ತದೆ. ಟೊಮೆಟೊದಲ್ಲಿ 'ದಾರಿಯಲ್ಲಿರುವ ಸರಕು' ಎಂದರೆ ನಾಟಿಯಾದ ಎಕರೆ. ಬೆಳೆ ಸಮೀಕ್ಷೆಯ ಆ್ಯಪ್ ನಮ್ಮಲ್ಲಿ ಇದೆ. ಆದರೆ ಅದು ಹಂಗಾಮಿಗೆ ಒಂದು ಸಲದ ಲೆಕ್ಕ. ಮೂರು ತಿಂಗಳಿಗೆ ಮಂಡಿ ಮುಟ್ಟುವ ಬೆಳೆಗೆ ವಾರ ವಾರದ ಲೆಕ್ಕ ಬೇಕು.

ಅದನ್ನು ಹಿಡಿಯಲು ಒಂದು ಸುಲಭದ ಜಾಗ ಇದೆ, ನರ್ಸರಿ. ಈಗ ಹೆಚ್ಚಿನ ರೈತರು ಮಡಿಯಲ್ಲಿ ಬೀಜ ಚೆಲ್ಲುವುದಿಲ್ಲ. ಕಪ್ಪು ಪ್ಲಾಸ್ಟಿಕ್ ಟ್ರೇಯ ಗುಣಿಗಳಲ್ಲಿ ತೆಂಗಿನ ನಾರಿನ ಪುಡಿ ತುಂಬಿ ಬೆಳೆಸಿದ ಸಸಿಯನ್ನು ನರ್ಸರಿಯಿಂದ ತರುತ್ತಾರೆ. ಎಷ್ಟು ಸಸಿ ಬುಕ್ ಆಯಿತು, ಎಷ್ಟು ಹೋಯಿತು ಎಂಬುದು ಪ್ರತಿ ನರ್ಸರಿಯ ಪುಸ್ತಕದಲ್ಲೂ ಇರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ಮದನಪಲ್ಲಿ ಭಾಗದ ನರ್ಸರಿಗಳ ವಾರದ ಲೆಕ್ಕ ಸೇರಿಸಿದರೆ ಎರಡೂವರೆ ತಿಂಗಳಾದ ಮೇಲೆ ಮಂಡಿಗೆ ಬರುವ ಹಣ್ಣಿನ ಅಂದಾಜು ಇವತ್ತೇ ಸಿಗುತ್ತದೆ. ದರದ ಮೆಸೇಜ್ ಜೊತೆಗೆ ಈ ಒಂದು ಸಂಖ್ಯೆಯೂ ಹಳ್ಳಿಗೆ ಹೋದರೆ ರೈತರ ಮುಂದಿನ ತೀರ್ಮಾನ ಬೇರೆಯಾಗಬಹುದು.

ಇದರಲ್ಲೂ ಒಂದು ಅಪಾಯ ಇದೆ. ಈ ವಾರ ಸಸಿ ಕಡಿಮೆ ಹೋಗಿದೆ ಎಂದು ತಿಳಿದ ತಕ್ಷಣ ಎಲ್ಲರೂ ನರ್ಸರಿಗೆ ಓಡಿದರೆ ಅದೇ ಹೊಸ ಜೋಕಾಲಿ. ಆದರೆ ಸಸಿಯ ಲೆಕ್ಕ ವಾರ ವಾರ ಬದಲಾಗುತ್ತದೆ. ಹೆಚ್ಚು ಹೋದರೆ ಮುಂದಿನ ವಾರವೇ ಗೊತ್ತಾಗುತ್ತದೆ. ತಡ ಮೂರು ತಿಂಗಳಿಂದ ಒಂದು ವಾರಕ್ಕೆ ಇಳಿದರೆ ಜೋಕಾಲಿಯ ಹಗ್ಗವೇ ಗಿಡ್ಡವಾದಂತೆ. ಎಷ್ಟು ಗಿಡ್ಡ, ಎಷ್ಟು ಜನ ಈ ಸಂಖ್ಯೆ ನೋಡಿದರೆ ಸಾಕು, ನೆರೆ ರಾಜ್ಯದ ಲೆಕ್ಕ ಸಿಗದಿದ್ದರೆ ಏನಾಗುತ್ತದೆ, ಇವನ್ನೆಲ್ಲ ಹೊಲದಲ್ಲಿ ಪ್ರಯೋಗ ಮಾಡುವ ಮೊದಲು ಮಾದರಿಯಲ್ಲಿ ಓಡಿಸಿ ನೋಡಬಹುದು. ತಪ್ಪಾದರೆ ಕಂಪ್ಯೂಟರಿನಲ್ಲಿ ಆಗುತ್ತದೆ, ಯಾರ ಬೆಳೆಯೂ ಹಾಳಾಗುವುದಿಲ್ಲ.

ನಿಧಾನದ ಬೆಳೆಗಳು

ಟೊಮೆಟೊದ ಸುತ್ತು ತಿಂಗಳಲ್ಲಿ ಮುಗಿಯುತ್ತದೆ. ನಷ್ಟವಾದವರು ಮುಂದಿನ ಬೆಳೆಗೆ ತಿರುಗಬಹುದು. ತಡ ಉದ್ದವಾದಷ್ಟೂ ಪೆಟ್ಟು ಜೋರು. ಮಲೆನಾಡು, ಕರಾವಳಿಯವರಿಗೆ ವೆನಿಲ್ಲಾ ನೆನಪಿದೆ. 2000ನೇ ಇಸವಿಯಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಬಡಿಯಿತು, ಜಗತ್ತಿನಲ್ಲಿ ವೆನಿಲ್ಲಾಗೆ ಕೊರತೆಯಾಯಿತು. 2003ರ ಸುಮಾರಿಗೆ ನಮ್ಮಲ್ಲಿ ಹಸಿ ಕೋಡಿಗೇ ಕೆಜಿಗೆ ಸಾವಿರಾರು ರೂಪಾಯಿ ಸಿಗುತ್ತಿತ್ತು. ಬಳ್ಳಿಯ ತುಂಡಿಗೂ ಕಾವಲು ಬೇಕಾಯಿತು. ಬಳ್ಳಿ ನೆಟ್ಟು ಕೋಡು ಬರಲು ಸುಮಾರು ಮೂರು ವರ್ಷ. ಇಲ್ಲಿನ ಬಳ್ಳಿ, ಮಡಗಾಸ್ಕರ್‌ನ ಹೊಸ ಬಳ್ಳಿ ಎಲ್ಲ ಒಟ್ಟಿಗೆ ಕೋಡು ಬಿಡುವಷ್ಟರಲ್ಲಿ ಬೆಲೆ ನೆಲ ಕಚ್ಚಿತ್ತು. ಬಳ್ಳಿ ಕಿತ್ತು ಹಾಕಿದವರು ಎಷ್ಟೋ ಜನ.

ಅಡಿಕೆಗೆ ಇನ್ನೂ ಉದ್ದದ ತಡ. ಸಸಿ ನೆಟ್ಟು ಒಳ್ಳೆಯ ಫಸಲು ಬರಲು ಐದಾರು ವರ್ಷ ಬೇಕು. ಒಳ್ಳೆಯ ದರ ನೋಡಿ ಕಳೆದ ಕೆಲವು ವರ್ಷಗಳಲ್ಲಿ ದಾವಣಗೆರೆ, ಚಿತ್ರದುರ್ಗ, ತುಮಕೂರು ಕಡೆಯ ಬಯಲಿನಲ್ಲಿ, ಕೊಳವೆಬಾವಿ ನಂಬಿಕೊಂಡು ಹೊಸ ತೋಟಗಳು ಎದ್ದಿವೆ. ಆ ಸಸಿಗಳಲ್ಲಿ ಎಷ್ಟೋ ಇನ್ನೂ ಫಸಲು ಕೊಡಲು ಶುರು ಮಾಡಿಲ್ಲ. ಇವತ್ತಿನ ಅಡಿಕೆ ದರದಲ್ಲಿ ಅವುಗಳ ಲೆಕ್ಕ ಸೇರಿಲ್ಲ. ಅವು ಈಗಾಗಲೇ ನೆಲದಲ್ಲಿವೆ, ಐದು ವರ್ಷದ ಪೈಪಿನಲ್ಲಿ ಅರ್ಧ ದಾರಿ ಬಂದಿವೆ.